ಓಡೋದಕ್ಕೂ ದುಡ್ಡು ಬೇಕಾ?

ಓಟ ಮತ್ತು ಟ್ರಯಥ್ಲಾನ್ ಹವ್ಯಾಸದ ಖರ್ಚು ಕುರಿತು ದಾವಣಗೆರೆ, ಚಿತ್ರದುರ್ಗ ಕಡೆಯ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಟ್ರಯಥ್ಲಾನ್ ಅಂದರೆ ಈಜು, ಸೈಕಲ್, ಓಟ ಮೂರನ್ನೂ ಇದೇ ಕ್ರಮದಲ್ಲಿ, ನಡುವೆ ಗಡಿಯಾರ ನಿಲ್ಲಿಸದೆ ಮುಗಿಸುವ ಸ್ಪರ್ಧೆ. ಚಿಕ್ಕದಾದ ‘ಸ್ಪ್ರಿಂಟ್’ನಲ್ಲಿ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ‘ಒಲಿಂಪಿಕ್’ ದೂರ ಅದರ ದುಪ್ಪಟ್ಟು. ಇಲ್ಲಿ ಹೇಳಿದ ಬೆಲೆಗಳೆಲ್ಲ ಅಂದಾಜು. ಹಬ್ಬದ ಆಫರ್‌ನಲ್ಲಿ ಇಳಿಯುತ್ತವೆ, ಹೊಸ ಮಾಡೆಲ್ ಬಂದಾಗ ಹಳೆಯದರ ಬೆಲೆ ಇನ್ನೂ ಇಳಿಯುತ್ತದೆ.

ಪ್ರಶ್ನೆ: ನನಗೆ 34 ವರ್ಷ, ಖಾಸಗಿ ಕೆಲಸ. ಬೆಳಗ್ಗೆ ಎದ್ದು ಓಡಬೇಕು ಅಂತ ಆಸೆ. ಮನೇಲಿ ಹಳೇ ಕ್ಯಾನ್ವಾಸ್ ಶೂ ಇದೆ. ‘ಓಡೋಕೆ ಯಾಕಪ್ಪ ದುಡ್ಡು’ ಅಂತಾರೆ ಮಾವ. ‘ಹನ್ನೆರಡು ಸಾವಿರದ ಶೂ ಇಲ್ದಿದ್ರೆ ಮಂಡಿ ಹೋಗುತ್ತೆ’ ಅಂತಾನೆ ಗೆಳೆಯ. ಯಾರ ಮಾತು ಕೇಳಲಿ?
— ನಿಟುವಳ್ಳಿ, ದಾವಣಗೆರೆ

ಉತ್ತರ: ಮೊದಲ ಎರಡು ವಾರ ಮಾವನ ಮಾತು ಕೇಳಿ. ಒಂದು ನಿಮಿಷ ನಿಧಾನ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಹತ್ತು ಸಲ, ವಾರಕ್ಕೆ ಮೂರು ದಿನ. ಇದಕ್ಕೆ ಇರುವ ಶೂ ಸಾಕು. ಮೂರನೇ ವಾರವೂ ಅಲಾರಾಂ ಹೊಡೆದಾಗ ಎದ್ದು ಕೂತಿರಿ ಅಂದರೆ ಅಂಗಡಿಗೆ ಹೋಗಿ.

ಹನ್ನೆರಡು ಸಾವಿರ ಬೇಡ. 3,500ರಿಂದ 4,500 ರೂಪಾಯಿ ಒಳಗೆ, ‘ರನ್ನಿಂಗ್’ ಎಂದೇ ಮಾಡಿದ ಶೂ ಒಳ್ಳೆಯದೇ ಸಿಗುತ್ತದೆ. ದೊಡ್ಡ ಬ್ರಾಂಡ್‌ನ ಹೆಸರು ಬರೆದ 700 ರೂಪಾಯಿಯ ನಕಲು ಮಾತ್ರ ಬೇಡವೇ ಬೇಡ. ಅದರ ಅಡಿ ಗಟ್ಟಿ ಪ್ಲಾಸ್ಟಿಕ್, ಹಿಮ್ಮಡಿಯ ಕಪ್ ಬೆರಳಲ್ಲಿ ಒತ್ತಿದರೆ ಮಡಿಸಿಕೊಳ್ಳುತ್ತದೆ. ಪರೀಕ್ಷೆ ಸುಲಭ: ಶೂ ತುದಿ ಮತ್ತು ಹಿಮ್ಮಡಿ ಹಿಡಿದು ಬಾಗಿಸಿ. ಬೆರಳು ಮಡಚುವ ಜಾಗದಲ್ಲಿ ಬಾಗಬೇಕು. ನಟ್ಟನಡುವೆ ಬಾಗಿದರೆ ವಾಪಸ್ ಇಡಿ.

ಶೂ ಕೊಳ್ಳಲು ಸಂಜೆ ಹೋಗಿ, ದಿನವೆಲ್ಲ ನಿಂತ ಕಾಲು ಆಗ ಸ್ವಲ್ಪ ಊದಿರುತ್ತದೆ, ಓಡುವಾಗ ಆಗುವ ಹಾಗೇ. ಓಡುವ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಇರಬೇಕು. ಅಂದರೆ ಚಪ್ಪಲಿ ನಂಬರ್‌ಗಿಂತ ಅರ್ಧ ಅಥವಾ ಒಂದು ನಂಬರ್ ದೊಡ್ಡದು. ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದ ಕಾಲು ಮುಂದೆ ಅಗಲವಾಗಿರುವುದುಂಟು. ಕಿರುಬೆರಳು ಬದಿಗೆ ಒತ್ತುತ್ತಿದ್ದರೆ ಉದ್ದ ಹೆಚ್ಚಿಸಬೇಡಿ, ಅದೇ ನಂಬರಿನಲ್ಲಿ ‘ವೈಡ್’ ಕೇಳಿ. ಉದ್ದ ಹೆಚ್ಚಿಸಿದರೆ ಕಾಲು ಒಳಗೆ ಜಾರಿ ಉಗುರು ಕಪ್ಪಾಗುತ್ತದೆ.

ಈಗ ಲೆಕ್ಕ. ಶೂ ಹರಿಯುವುದಕ್ಕೆ ಮೊದಲು ಅದರ ನಡುವಿನ ಸ್ಪಂಜು ಸಾಯುತ್ತದೆ. ಸಾಮಾನ್ಯವಾಗಿ 500ರಿಂದ 800 ಕಿ.ಮೀ. ನಡುವೆ. ವಾರಕ್ಕೆ 25 ಕಿ.ಮೀ. ಓಡಿದರೆ 24 ವಾರಕ್ಕೆ 600 ಕಿ.ಮೀ. ಆಯಿತು, ಅಂದರೆ ವರ್ಷಕ್ಕೆ ಎರಡು ಜೊತೆ. 4,000ದ ಶೂ 600 ಕಿ.ಮೀ. ಬಂದರೆ ಕಿಲೋಮೀಟರಿಗೆ ಆರೂಮುಕ್ಕಾಲು ರೂಪಾಯಿ ಹತ್ತಿರ. ನಾಲ್ಕು ಜೊತೆ ಪಾಲಿಯೆಸ್ಟರ್ ಸಾಕ್ಸ್ 800, ಎರಡು ಟೀ ಶರ್ಟ್ 700, ಎರಡು ಚಡ್ಡಿ 900. ಒಟ್ಟು ವರ್ಷಕ್ಕೆ ಹತ್ತೂವರೆಯಿಂದ ಹನ್ನೊಂದು ಸಾವಿರ, ತಿಂಗಳಿಗೆ ಒಂಬೈನೂರರ ಆಸುಪಾಸು. ಹತ್ತಿ ಬನಿಯನ್ ಹಾಕಿ ಓಡಬೇಡಿ. ಬೆವರು ಹೀರಿ ಭಾರವಾಗಿ ಕಂಕುಳು ಉಜ್ಜುತ್ತದೆ. ಉಜ್ಜುವ ಜಾಗಕ್ಕೆ ವ್ಯಾಸಲೀನ್ ಸಾಕು, ಅದಕ್ಕೆಂದೇ ಮಾರುವ 600 ರೂಪಾಯಿಯ ಮುಲಾಮು ಕಡ್ಡಿ ಬೇಡ.

ಹೊಸ ಶೂ ಮೊದಲು ಹಾಕಿದ ದಿನದ ತಾರೀಕನ್ನು ಶೂ ನಾಲಿಗೆಯ (ಲೇಸಿನ ಕೆಳಗಿನ ಪಟ್ಟಿ) ಒಳಗಡೆ ಮಾರ್ಕರ್ ಪೆನ್ನಲ್ಲಿ ಬರೆದಿಡಿ. ‘ಇನ್ನೂ ಹೊಸದೇ ಇದೆಯಲ್ಲ’ ಅನ್ನುವ ಭ್ರಮೆಗೆ ಅದೇ ಮದ್ದು. ಸ್ಪಂಜಿನ ಬದಿಯಲ್ಲಿ ಅಡ್ಡಗೆರೆಗಳು ಬಿದ್ದಿವೆಯಾ ನೋಡಿ. ಮೇಜಿನ ಮೇಲೆ ಇಟ್ಟು ಹಿಂದಿನಿಂದ ನೋಡಿದರೆ ಒಂದು ಕಡೆ ವಾಲಿದೆಯಾ ನೋಡಿ. ಇವೆರಡೂ ಕಂಡರೆ ಅದನ್ನು ಮಾರ್ಕೆಟ್ಟಿಗೆ ಹೋಗುವ ಶೂ ಮಾಡಿ. ವಾಷಿಂಗ್ ಮಷೀನಿಗೆ ಹಾಕುವುದು, ಏಪ್ರಿಲ್ ಬಿಸಿಲಲ್ಲಿ ತಾರಸಿ ಮೇಲೆ ಒಣಗಿಸುವುದು ಎರಡೂ ಅಂಟು ಬಿಡಿಸುತ್ತವೆ. ಒಳಗೆ ಪೇಪರ್ ತುರುಕಿ ನೆರಳಲ್ಲಿ ಇಡಿ.

ಗೆಳೆಯ ಹೇಳಿದ ಮಂಡಿ ವಿಚಾರ: ಹೊಸಬರ ಮಂಡಿ, ಮೊಣಕಾಲ ಕೆಳಗಿನ ಎಲುಬು ನೋಯುವುದು ಬಹುತೇಕ ಆತುರದಿಂದ. ಎರಡನೇ ವಾರಕ್ಕೇ ಐದು ಕಿಲೋಮೀಟರ್, ಮೂರನೇ ವಾರಕ್ಕೆ ಗೆಳೆಯನ ಜೊತೆ ಪೈಪೋಟಿ. ಆಮೇಲೆ ಫಿಸಿಯೋ ಹತ್ತಿರ ಆರೆಂಟು ಸಲ ಹೋದರೆ ಒಂದು ಶೂ ದುಡ್ಡು ಅಲ್ಲೇ ಹೋಯಿತು.

ಪ್ರಶ್ನೆ: ಬೆಂಗಳೂರಿನ ಒಂದು 10 ಕಿ.ಮೀ. ಓಟಕ್ಕೆ ಹೆಸರು ಕೊಡಬೇಕು ಅಂತಿದ್ದೀವಿ, ನಾಲ್ಕು ಜನ. ಫೀಸು ಬಿಟ್ಟು ಇನ್ನೇನು ಖರ್ಚು ಬರುತ್ತೆ?
— ವಿನೋಬನಗರ, ದಾವಣಗೆರೆ

ಉತ್ತರ: ಫೀಸೇ ಸಣ್ಣ ಖರ್ಚು. 10 ಕಿ.ಮೀ. ಓಟಕ್ಕೆ ಸಾವಿರ, ಸಾವಿರದೈನೂರು. ಆದರೆ ಎದೆಗೆ ಸಿಕ್ಕಿಸುವ ನಂಬರ್ ಚೀಟಿಯನ್ನು ದೊಡ್ಡ ಓಟಗಳಲ್ಲಿ ಹಿಂದಿನ ದಿನವೇ ಹೋಗಿ ತಗೊಳ್ಳಬೇಕು, ಬೆಳಗ್ಗೆ ಕೊಡುವುದಿಲ್ಲ. ಹಾಗಾಗಿ ಒಂದು ರಾತ್ರಿ ಲಾಡ್ಜ್ ತಪ್ಪುವುದಿಲ್ಲ. ಓಟ ಶುರುವಾಗುವುದು ಐದೂವರೆ ಆರಕ್ಕೆ. ಆ ಹೊತ್ತಿಗೆ ಮೆಟ್ರೋ ಇರುತ್ತದೆ ಅಂತ ನಂಬಿ ಕೂರಬೇಡಿ, ಆಟೋಗೆ ದುಡ್ಡು ತೆಗೆದಿಡಿ. ರೈಲು ಟಿಕೆಟ್, ಲಾಡ್ಜಿನ ಪಾಲು, ಆಟೋ, ಊಟ ಎಲ್ಲಾ ಸೇರಿ ತಲೆಗೆ ಮೂರರಿಂದ ನಾಲ್ಕು ಸಾವಿರ. ನಾಲ್ಕು ಜನ ಎರಡು ರೂಮಿನಲ್ಲಿ ಇದ್ದರೆ ಐನೂರು ಉಳಿಯುತ್ತದೆ. ವರ್ಷಕ್ಕೆ ಇಂಥ ಮೂರು ಓಟ ಓಡಿದರೆ ವರ್ಷದ ಶೂ ಖರ್ಚನ್ನೂ ಮೀರುತ್ತದೆ.

ಕಟ್ಟಿದ ಫೀಸು ವಾಪಸ್ ಬರುವುದಿಲ್ಲ, ನಿಮ್ಮ ನಂಬರ್ ಹಾಕಿಕೊಂಡು ಬೇರೆಯವರು ಓಡುವ ಹಾಗೂ ಇಲ್ಲ. ಸಮಯ ಅಳೆಯುವ ಚಿಪ್ ಸಾಮಾನ್ಯವಾಗಿ ಆ ಚೀಟಿಯ ಹಿಂದೆಯೇ ಅಂಟಿರುತ್ತದೆ, ಮಡಚಬೇಡಿ, ಜರ್ಕಿನ್ ಒಳಗೆ ಮುಚ್ಚಬೇಡಿ.

ವರ್ಷಕ್ಕೆ ಒಂದು ದೊಡ್ಡ ಓಟ ಸಾಕು ಅನ್ನುವುದು ನಮ್ಮ ಅಭಿಪ್ರಾಯ. ಉಳಿದದ್ದಕ್ಕೆ ಕುಂದುವಾಡ ಕೆರೆಯ ಸುತ್ತಿನ ದಾರಿಯನ್ನು ಫೋನಿನಲ್ಲಿ ಅಳೆದು, ನಾಲ್ವರೂ ಗಡಿಯಾರ ಇಟ್ಟುಕೊಂಡು ಹತ್ತು ಕಿಲೋಮೀಟರ್ ಓಡಿ, ಕೊನೆಗೆ ಬಂದವರು ಬೆಣ್ಣೆ ದೋಸೆ ಕೊಡಿಸಲಿ.

ಪ್ರಶ್ನೆ: ಒಂದು ವರ್ಷದಿಂದ ಓಡ್ತಿದೀನಿ, 10 ಕಿ.ಮೀ. ಆರಾಮ. ಈಗ ಟ್ರಯಥ್ಲಾನ್ ಹುಚ್ಚು ಹಿಡಿದಿದೆ. 60 ಸಾವಿರದ ರೋಡ್ ಬೈಕ್ (ತೆಳು ಟೈರಿನ ವೇಗದ ಸೈಕಲ್) ನೋಡಿ ಇಟ್ಟಿದೀನಿ, ಇಎಂಐ ಕೂಡ ಸಿಗುತ್ತೆ. ಈಜು ಅಷ್ಟಾಗಿ ಬರಲ್ಲ, ಆಮೇಲೆ ಕಲಿತರಾಯ್ತು. ತಗೊಳ್ಳಲಾ?
— ವಿದ್ಯಾನಗರ, ದಾವಣಗೆರೆ

ಉತ್ತರ: ಬೇಡ. ಈಗ ಬೇಡ.

ಟ್ರಯಥ್ಲಾನ್ ಸೈಕಲ್ ಅಂಗಡಿಯಲ್ಲಿ ಶುರುವಾಗುವುದಿಲ್ಲ, ಈಜುಕೊಳದಲ್ಲಿ ಶುರುವಾಗುತ್ತದೆ. ಸೈಕಲ್ ಎಲ್ಲರಿಗೂ ಬರುತ್ತದೆ, ಓಟ ನಿಮಗೆ ಬಂದಿದೆ. ದೊಡ್ಡವರಾದ ಮೇಲೆ ಈಜು ಕಲಿಯುವುದಕ್ಕೆ ಎಷ್ಟು ತಿಂಗಳು ಹಿಡಿಯುತ್ತದೆ ಅಂತ ಯಾರೂ ಮುಂಚೆಯೇ ಹೇಳಲಾರರು. ಬಾವಿಯಲ್ಲಿ, ಕಾಲುವೆಯಲ್ಲಿ ಕಲಿತ ತಲೆ ಎತ್ತಿ ಹೊಡೆಯುವ ಈಜು 50 ಮೀಟರಿಗೆ ಸಾಕು, 750ಕ್ಕೆ ಸಾಲದು. ಈ ಹಂತದಲ್ಲೇ ಬಿಟ್ಟವರ ಸೈಕಲ್ಲುಗಳೇ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ‘200 ಕಿ.ಮೀ. ಮಾತ್ರ ಓಡಿದೆ’ ಅಂತ ಬರುವುದು.

ಮೂರು ತಿಂಗಳು ಈಜಿಗೆ ಕೊಡಿ. ಒಂದು ತಿಂಗಳು ತರಬೇತಿ ಫೀಸು, ಆಮೇಲೆ ಮಾಸಿಕ ಪಾಸು. ಕೊಳದಿಂದ ಕೊಳಕ್ಕೆ ದರ ಬೇರೆ. ತಿಂಗಳಿಗೆ ಸಾವಿರದಿಂದ ಎರಡೂವರೆ ಸಾವಿರ ಇಟ್ಟುಕೊಳ್ಳಿ. ಸಾಮಾನು ಕಡಿಮೆ: ಮೊಣಕಾಲವರೆಗಿನ ಈಜು ಚಡ್ಡಿ 700-900, ಸಿಲಿಕೋನ್ ಟೋಪಿ 250, ಕನ್ನಡಕ 500-800. ಕನ್ನಡಕವನ್ನು ಪಟ್ಟಿ ಹಾಕದೆ ಕಣ್ಣಿಗೆ ಒತ್ತಿ ಕೈ ಬಿಡಿ. ಎರಡು ಸೆಕೆಂಡ್ ಅಲ್ಲೇ ಅಂಟಿಕೊಂಡು ನಿಂತರೆ ಅದು ನಿಮ್ಮ ಮುಖಕ್ಕೆ ಕೂರುತ್ತದೆ. ಕೂರದ ಕನ್ನಡಕಕ್ಕೆ ಪಟ್ಟಿ ಎಷ್ಟು ಬಿಗಿದರೂ ನೀರು ಬರುತ್ತದೆ, ತಲೆನೋವು ಬೇರೆ. ಒಳಗಿನ ಗಾಜನ್ನು ಬೆರಳಲ್ಲಿ ಒರೆಸಬೇಡಿ. ಮಂಜು ತಡೆಯುವ ಲೇಪ ಅಳಿಸಿಹೋಗುತ್ತದೆ. ಕ್ಲೋರಿನ್ ನೀರಿನಿಂದ ಬಂದ ಮೇಲೆ ಎಲ್ಲವನ್ನೂ ನಲ್ಲಿ ನೀರಲ್ಲಿ ಅದ್ದಿ ತೆಗೆಯಿರಿ, ಇಲ್ಲದಿದ್ದರೆ ಚಡ್ಡಿಯ ಎಲಾಸ್ಟಿಕ್ ಆರು ತಿಂಗಳೂ ಬಾಳುವುದಿಲ್ಲ.

ಓಟಗಾರರು ಈಜುವಾಗ ಮಾಡುವ ತಪ್ಪು ಒಂದೇ: ಕಾಲಿನ ಬಲದಲ್ಲಿ ಮುಂದೆ ಹೋಗಲು ನೋಡುತ್ತಾರೆ. ಉಸಿರಿಗೆ ತಲೆ ಮೇಲೆತ್ತುತ್ತಾರೆ, ತಲೆ ಎದ್ದಷ್ಟೂ ಸೊಂಟ ಮುಳುಗುತ್ತದೆ, ಮುಳುಗಿದ ಸೊಂಟವನ್ನು ಎತ್ತಲು ಇನ್ನೂ ಜೋರಾಗಿ ಕಾಲು ಬಡಿಯುತ್ತಾರೆ, 25 ಮೀಟರಿಗೆ ಏದುಸಿರು. ತಲೆ ಕೆಳಗೆ, ದೃಷ್ಟಿ ಕೊಳದ ತಳಕ್ಕೆ. ಉಸಿರು ಪೂರ್ತಿ ನೀರಿನೊಳಗೇ ಗುಳ್ಳೆಯಾಗಿ ಬಿಡಬೇಕು. ತೆಗೆದುಕೊಳ್ಳಲು ತಲೆ ಎತ್ತದೆ ಹೊರಳಿಸಬೇಕು, ಒಂದು ಕಣ್ಣು ನೀರಿನಲ್ಲೇ ಇರುವಷ್ಟು. ಇದಿಷ್ಟು ಕೂಡಿಬಂದ ದಿನ ಈಜು ಸಲೀಸಾಗುತ್ತದೆ. 25 ಮೀಟರ್ ಕೊಳದಲ್ಲಿ 750 ಮೀಟರ್ ಅಂದರೆ 30 ಉದ್ದ. 100 ಮೀಟರಿಗೆ ಎರಡೂವರೆ ನಿಮಿಷ ತಗೊಂಡರೂ ಹತ್ತೊಂಬತ್ತು ನಿಮಿಷದೊಳಗೆ ಮುಗಿಯಿತು. ನಿಲ್ಲದೆ 30 ಉದ್ದ ಹೊಡೆದ ದಿನ ಸೈಕಲ್ ಮಾತಾಡೋಣ.

‘ಕೊಳಕ್ಕೆ ಯಾಕೆ ದುಡ್ಡು, ನಾಲೆ ಇದೆಯಲ್ಲ’ ಅನ್ನುವವರಿಗೆ: ಭದ್ರಾ ನಾಲೆಗೆ ಇಳಿಯಬೇಡಿ. ಸೆಳವು ಜೋರು, ಎರಡೂ ಬದಿ ಇಳಿಜಾರು, ಪಾಚಿ ಕಟ್ಟಿದ ಕಾಂಕ್ರೀಟು. ಈಜು ಬಲ್ಲವರಿಗೂ ಹಿಡಿದು ಮೇಲೆ ಬರಲು ಏನೂ ಸಿಗುವುದಿಲ್ಲ. ಹರಿಹರದ ಹತ್ತಿರ ಹೊಳೆಯಲ್ಲಿ ಮರಳು ತೆಗೆದ ಗುಂಡಿಗಳು ಮೇಲಿಂದ ಕಾಣುವುದಿಲ್ಲ. ಕುಂದುವಾಡ ಕೆರೆ ಊರಿನ ಕುಡಿಯುವ ನೀರು, ಅಲ್ಲಿ ಈಜುವ ಮಾತೇ ಇಲ್ಲ.

ಇನ್ನು ಆ ಅರವತ್ತು ಸಾವಿರ. ಸ್ಪ್ರಿಂಟ್‌ನ 20 ಕಿ.ಮೀ.ಯನ್ನು ಸಾಧಾರಣ ಹೈಬ್ರಿಡ್ (ನೇರ ಹ್ಯಾಂಡಲ್‌ನ ಗೇರ್) ಸೈಕಲ್‌ನಲ್ಲಿ ಗಂಟೆಗೆ 22ರ ವೇಗದಲ್ಲಿ ಹೊಡೆದರೆ 55 ನಿಮಿಷ. ರೋಡ್ ಬೈಕಿನಲ್ಲಿ 27ರ ವೇಗ ಬಂತು ಅಂದುಕೊಂಡರೂ 44-45 ನಿಮಿಷ. ಹತ್ತು ನಿಮಿಷಕ್ಕೆ ಇಎಂಐ. ಮೊದಲ ಸ್ಪ್ರಿಂಟನ್ನು ಮನೆಯಲ್ಲಿರುವ, ಇಲ್ಲವೇ ಗೆಳೆಯನಿಂದ ತಂದ ಗೇರ್ ಸೈಕಲ್‌ನಲ್ಲೇ ಮುಗಿಸಿ. ಕಡ್ಡಾಯ ಬೇಕಾದದ್ದು ಒಳ್ಳೆಯ ಹೆಲ್ಮೆಟ್ (1,500), ಎರಡೂ ಬ್ರೇಕ್ ಸರಿಯಾಗಿ ಹಿಡಿಯುವುದು, ಹ್ಯಾಂಡಲ್ ತುದಿಯ ಎರಡೂ ಮುಚ್ಚಳ. ಆ ಮುಚ್ಚಳ ಬಿದ್ದುಹೋಗಿದ್ದರೆ ತಪಾಸಣೆಯಲ್ಲಿ ಸೈಕಲ್ ಒಳಗೆ ಬಿಡುವುದಿಲ್ಲ, ಬಿದ್ದಾಗ ಬರಿ ಕೊಳವೆ ಹೊಟ್ಟೆಗೆ ಚುಚ್ಚುತ್ತದೆ ಅಂತ. ಐವತ್ತು ರೂಪಾಯಿಯ ಸಾಮಾನು. ಈಜಿ ಬಂದು ಸೈಕಲ್ ಮುಟ್ಟುವ ಮೊದಲೇ ಹೆಲ್ಮೆಟ್ ಪಟ್ಟಿ ಕ್ಲಿಕ್ ಆಗಿರಬೇಕು ಅನ್ನುವುದೂ ನಿಯಮ, ಮರೆತರೆ ದಂಡ.

ಪ್ರಶ್ನೆ: ಹಳೇ ರೋಡ್ ಬೈಕ್ ಒಂದು 22 ಸಾವಿರಕ್ಕೆ ಬಂದಿದೆ, ಎಂಟು ಗೇರ್, ನಾಲ್ಕು ವರ್ಷದ್ದು. ನೋಡೋಕೆ ಚೆನ್ನಾಗಿದೆ. ಏನೇನು ಪರೀಕ್ಷೆ ಮಾಡ್ಲಿ?
— ಹರಿಹರ

ಉತ್ತರ: ಒಂದು ಸ್ಟೀಲ್ ಟೇಪು, ಒಂದು ಅಲೆನ್ ಕೀ ಸೆಟ್ಟು, ಅರ್ಧ ಗಂಟೆ ಬಿಡುವು ಇಟ್ಟುಕೊಂಡು ಹಗಲಲ್ಲೇ ಹೋಗಿ.

ಮೊದಲು ಚೈನ್. ಒಂದು ಪಿನ್ನಿನ ನಡುವಿಗೆ ಟೇಪಿನ ಸೊನ್ನೆ ಇಟ್ಟು, ಅದನ್ನು ಬಿಟ್ಟು ಮುಂದಿನ 24 ಪಿನ್ ಎಣಿಸಿ. ಹೊಸ ಚೈನಾದರೆ ಕರೆಕ್ಟಾಗಿ 12 ಇಂಚು. ಹನ್ನೆರಡರ ಮೇಲೆ ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಿದ್ದರೆ ಚೈನ್ ಬದಲಿಸುವ ಕಾಲ ಬಂದಿದೆ. ಎಂಟನೇ ಒಂದು ಭಾಗ ಹೆಚ್ಚಿದ್ದರೆ ಹಿಂದಿನ ಗೇರ್ ಚಕ್ರಗಳೂ ಅದರ ಜೊತೆಗೇ ಸವೆದಿವೆ. ಹೊಸ ಚೈನ್ ಹಾಕಿದರೆ ಹಳೇ ಹಲ್ಲಿನ ಮೇಲೆ ಜಿಗಿಯುತ್ತದೆ. ಚೈನ್ 700-900, ಕ್ಯಾಸೆಟ್ (ಆ ಹಿಂದಿನ ಗೇರ್ ಚಕ್ರಗಳ ಸೆಟ್ಟು) 1,200-1,500.

ಆಮೇಲೆ ಸೀಟಿನ ಕೊಳವೆ. ಬೋಲ್ಟ್ ಸಡಿಲಿಸಿ ಎರಡು ಇಂಚು ಮೇಲೆ ಕೆಳಗೆ ಮಾಡಿ ತೋರಿಸಿ ಅನ್ನಿ. ಬೆವರು ಇಳಿದು ಕಚ್ಚಿಕೊಂಡಿದ್ದರೆ ತೆಗೆಯುವುದು ದೊಡ್ಡ ರಾಮಾಯಣ, ನಿಮ್ಮ ಎತ್ತರಕ್ಕೆ ಹೊಂದದಿದ್ದರೆ ಸೈಕಲ್ಲೇ ದಂಡ. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ, ‘ಟಕ್ ಟಕ್’ ಅಂದರೆ ಮುಂದಿನ ಬೇರಿಂಗ್ ಸಡಿಲ. ಎರಡೂ ಪೆಡಲ್ ತೋಳುಗಳನ್ನು ಅಡ್ಡಡ್ಡ ಎಳೆದು ನೋಡಿ, ಆಟ ಇದ್ದರೆ ನಡುವಿನ ಬೇರಿಂಗ್ ಹೋಗಿದೆ. ಚಕ್ರ ತಿರುಗಿಸಿ ಬ್ರೇಕ್ ರಬ್ಬರಿಗೂ ರಿಮ್ಮಿಗೂ ನಡುವಿನ ಸಂದು ನೋಡಿ; ಒಂದೆರಡು ಮಿ.ಮೀ. ಓಲಾಟ ಚಕ್ರದ ಕಡ್ಡಿ ಬಿಗಿದರೆ ಸರಿಹೋಗುತ್ತದೆ. ರಿಮ್ಮಿನ ಬ್ರೇಕ್ ಹಿಡಿಯುವ ಪಟ್ಟಿ ಬಟ್ಟಲಿನ ಹಾಗೆ ಒಳಗೆ ತಗ್ಗಿದ್ದರೆ ರಿಮ್ ಮುಗಿದಿದೆ.

ಎಲ್ಲಕ್ಕಿಂತ ಮುಖ್ಯ ಚೌಕಟ್ಟು. ಹ್ಯಾಂಡಲ್ ಕೊಳವೆಗೆ ಕೆಳಗಿನ ಓರೆ ಕೊಳವೆ ಸೇರುವ ಜಾಗವನ್ನು ತಿರುವಿ ಹಾಕಿ ಕೆಳಗಿನಿಂದ ನೋಡಿ. ಬಣ್ಣದಲ್ಲಿ ಕೂದಲೆಳೆಯ ಬಿರುಕು, ಸಣ್ಣ ಅಲೆ ಕಂಡರೆ ಎದುರಿಗೆ ಗುದ್ದಿದ ಸೈಕಲ್ ಅದು. ಆ ಮೇಲೆ ಯಾವ ರೇಟೂ ಬೇಡ, ನಮಸ್ಕಾರ ಹೇಳಿ ಬನ್ನಿ. ಪೆಡಲ್ ತೋಳುಗಳ ನಡುವಿನ ಬೇರಿಂಗ್ ಕೆಳಗೆ ಚೌಕಟ್ಟಿನಲ್ಲಿ ಕೊರೆದ ನಂಬರ್ ಬಿಲ್ಲಿನ ನಂಬರಿಗೆ ತಾಳೆಯಾಗಬೇಕು. ‘ಬಿಲ್ಲು ಕಳೆದಿದೆ’ ಅಂದರೆ ಕದ್ದದ್ದೂ ಆಗಿರಬಹುದು.

ನಾಲ್ಕು ವರ್ಷದ ಸೈಕಲ್‌ಗೆ ಚೈನ್, ಕ್ಯಾಸೆಟ್, ಎರಡು ಟೈರು, ಕೇಬಲ್‌ಗಳು, ಹ್ಯಾಂಡಲ್ ಪಟ್ಟಿ ಅಂತ ಐದು ಸಾವಿರ ಖರ್ಚು ಬಂದೇ ಬರುತ್ತದೆ. ಅಷ್ಟನ್ನು ಕಳೆದು ಚೌಕಾಸಿ ಮಾಡಿ, ಹದಿನೇಳಕ್ಕೆ ಬಂದರೆ ತಗೊಳ್ಳಿ. ಅಳತೆ ಹೊಂದದಿದ್ದರೆ ಹತ್ತಕ್ಕೂ ಬೇಡ. ಐದೂ ಮುಕ್ಕಾಲು ಅಡಿ ಎತ್ತರದವರಿಗೆ 54 ಸೆಂ.ಮೀ. ಆಸುಪಾಸಿನ ಚೌಕಟ್ಟು. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೆಡಲ್ ಪೂರ್ತಿ ಕೆಳಗೆ ಬಂದಾಗ ಮಂಡಿ ನೇರವಾಗುವಷ್ಟು ಸೀಟು ಎತ್ತರ ಇರಲಿ; ಪಾದದ ಮುಂಭಾಗದಿಂದ ತುಳಿಯುವಾಗ ಬೇಕಾದ ಸಣ್ಣ ಬಾಗು ತಾನಾಗಿ ಬರುತ್ತದೆ.

ಪ್ರಶ್ನೆ: ತಿಂಗಳಿಗೆ ಐದಾರು ಪಂಕ್ಚರ್! ಊರಿನ ಅಂಗಡಿಯಲ್ಲಿ ಈ ಸಣ್ಣ ಟ್ಯೂಬ್ ಸಿಗಲ್ಲ, ಬಂಕ್‌ನಲ್ಲಿ ಗಾಳಿ ಪೈಪ್ ಕೂರಲ್ಲ. ಚಿತ್ರದುರ್ಗದ ರಸ್ತೆಗೆ ರೋಡ್ ಬೈಕ್ ಆಗಿಬರಲ್ವಾ?
— ಚಿತ್ರದುರ್ಗ

ಉತ್ತರ: ರಸ್ತೆ ತಪ್ಪಲ್ಲ, ರಸ್ತೆಯ ಅಂಚಿನದು. ನಿಮ್ಮ ಕಡೆ ಇಬ್ಬರು ಶತ್ರುಗಳು: ಬಳ್ಳಾರಿ ಜಾಲಿ ಮತ್ತು ನೆಗ್ಗಿಲು. ನೆಗ್ಗಿಲು ಕಾಯಿ ಒಣಗಿದ ಮೇಲೆ ಐದು ತುಂಡಾಗಿ ಒಡೆಯುತ್ತದೆ, ಒಂದೊಂದು ತುಂಡಿಗೂ ಎರಡು ಗಟ್ಟಿ ಮುಳ್ಳು. ಹೇಗೆ ಬಿದ್ದರೂ ಮುಳ್ಳು ಮೇಲಕ್ಕೇ ನಿಲ್ಲುತ್ತದೆ. ಲಾರಿಗೆ ಹೆದರಿ ಸೈಕಲನ್ನು ಮಣ್ಣಿನ ಅಂಚಿಗೆ ಇಳಿಸಿದಾಗಲೆಲ್ಲ ಒಂದು ಚುಚ್ಚುತ್ತದೆ. ಬಿಳಿ ಗೆರೆಯಿಂದ ಒಂದು ಅಡಿ ಒಳಗೆ, ಡಾಂಬರಿನ ಮೇಲೇ ಹೋಗಿ. ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬರುವ ಬೈಕುಗಳ ಮೇಲೆ ಕಣ್ಣಿರಲಿ.

ಐದಾರು ಪಂಕ್ಚರ್ ಅಂದರೆ ಹಳೇ ಮುಳ್ಳೇ ಮತ್ತೆ ಮತ್ತೆ ಚುಚ್ಚುತ್ತಿರುವ ಸಾಧ್ಯತೆ ಹೆಚ್ಚು. ಟೈರ್ ಹಾಕುವಾಗ ಅದರ ಮೇಲಿನ ಕಂಪನಿ ಹೆಸರು ಯಾವಾಗಲೂ ವಾಲ್ವಿನ ಎದುರಿಗೇ ಬರುವಂತೆ ಹಾಕಿ. ಆಗ ಟ್ಯೂಬಿನ ತೂತು ವಾಲ್ವಿನಿಂದ ಎಷ್ಟು ಗೇಣು ದೂರದಲ್ಲಿದೆಯೋ ಟೈರಿನಲ್ಲೂ ಮುಳ್ಳು ಅಷ್ಟೇ ದೂರದಲ್ಲಿ ಸಿಗುತ್ತದೆ. ಬೆರಳಿಗೆ ಸಿಗದ ಮುಳ್ಳಿನ ತುದಿಯನ್ನು ಹುಡುಕಲು ಒಂದು ಚೂರು ಹತ್ತಿಯನ್ನು ಟೈರಿನ ಒಳಗೆ ಸುತ್ತ ಎಳೆಯಿರಿ, ಎಳೆ ಸಿಕ್ಕಿಕೊಂಡ ಜಾಗದಲ್ಲಿ ಅದು ಇದೆ. ಹೊರಗಿನಿಂದ ಚಿಮಟದಲ್ಲಿ ಕೀಳಿ.

ತೂತಿನ ಆಕಾರ ಕಾರಣ ಹೇಳುತ್ತದೆ. ಹೊರಮೈಯಲ್ಲಿ ಒಂದೇ ಚುಕ್ಕಿ ಇದ್ದರೆ ಮುಳ್ಳು. ಅಕ್ಕಪಕ್ಕ ಹಾವು ಕಚ್ಚಿದ ಹಾಗೆ ಎರಡು ಸೀಳು ಇದ್ದರೆ ಗಾಳಿ ಕಡಿಮೆಯಾಗಿ ಗುಂಡಿಯಲ್ಲಿ ರಿಮ್ ಕಡಿದಿದೆ. ಒಳಮೈಯಲ್ಲಿ ತೂತಿದ್ದರೆ ರಿಮ್ಮಿನ ಪಟ್ಟಿ ಸರಿದು ಕಡ್ಡಿಯ ತುದಿ ತಾಗಿದೆ. ವಾಲ್ವಿನ ಬುಡದಲ್ಲಿ ಕಿತ್ತಿದ್ದರೆ ಪಂಪನ್ನು ಅಲ್ಲಾಡಿಸಿ ಹೊಡೆದದ್ದು ನೀವೇ.

ಪ್ಯಾಚ್ ಅಂಟಿಸುವಾಗ ಉಪ್ಪುಕಾಗದದಲ್ಲಿ ಹೊಳಪು ಹೋಗುವವರೆಗೆ ಉಜ್ಜಿ, ಸಲ್ಯೂಷನ್ ತೆಳ್ಳಗೆ ಸವರಿ ಐದು ನಿಮಿಷ ಕಾಯಿರಿ. ಹಸಿ ಇರುವಾಗಲೇ ಅಂಟಿಸುವುದರಿಂದಲೇ ಮುಕ್ಕಾಲು ಪ್ಯಾಚು ಬಿಡುವುದು. 70 ಕೆ.ಜಿ. ತೂಕದವರಿಗೆ 25 ಮಿ.ಮೀ. ಟೈರಿಗೆ 80-85 ಪಿಎಸ್‌ಐ, 28ಕ್ಕೆ 70-75. ಸಣ್ಣ ಟ್ಯೂಬಿನಿಂದ ಗಾಳಿ ತಾನಾಗಿಯೇ ಇಳಿಯುತ್ತದೆ, ಎರಡು ಮೂರು ದಿನಕ್ಕೊಮ್ಮೆ ನೋಡಲೇಬೇಕು. ಹಾಗಾಗಿ ಮೀಟರ್ ಇರುವ ನೆಲದ ಪಂಪ್ (1,200-1,800) ಖರ್ಚಲ್ಲ, ಉಳಿತಾಯ. ಬಂಕಿನ ಪೈಪಿಗೆ ಕೂರುವ ಹಿತ್ತಾಳೆಯ ಅಡಾಪ್ಟರ್ 50-100 ರೂಪಾಯಿಗೆ ಬರುತ್ತದೆ, ಆಪತ್ತಿಗೆ ಜೇಬಿನಲ್ಲಿರಲಿ. ಆದರೆ ಬಂಕಿನ ಗಾಳಿ ಒಂದೇ ಏಟಿಗೆ ನುಗ್ಗುತ್ತದೆ, ಚೂರು ಚೂರೇ ಬಿಡಿ. ಟ್ಯೂಬ್‌ಗಳನ್ನು (250-350) ಒಂದೇ ಸಲ ನಾಲ್ಕು ತರಿಸಿಡಿ. ಇಷ್ಟಾದ ಮೇಲೂ ನಿಲ್ಲದಿದ್ದರೆ ಒಳಪದರ ಇರುವ ಮುಳ್ಳುನಿರೋಧಕ ಟೈರು, ಒಂದಕ್ಕೆ ಒಂದೂವರೆಯಿಂದ ಎರಡೂವರೆ ಸಾವಿರ. ಸ್ವಲ್ಪ ಭಾರ, ಆದರೆ ಪಂಕ್ಚರ್ ಹಾಕುತ್ತಾ ಕೂರುವುದಕ್ಕಿಂತ ವೇಗವೇ.

ಅಂದಹಾಗೆ ನಿಮ್ಮೂರಿಗೆ ಹಣ ಕೊಟ್ಟು ಕೊಳ್ಳಲಾಗದ ಎರಡು ಸೌಲಭ್ಯ ಇವೆ: ಜೋಗಿಮಟ್ಟಿಯ ಏರು, ಮತ್ತು ಗಾಳಿಯಂತ್ರಗಳನ್ನು ತಿರುಗಿಸುವ ಮಳೆಗಾಲದ ಗಾಳಿ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ ಗಾಳಿ ಇರುವಂತೆ ದಾರಿ ಆರಿಸಿಕೊಳ್ಳಿ. ಉಲ್ಟಾ ಮಾಡಿದವರು ಮನೆಗೆ ಫೋನ್ ಮಾಡಿ ಕಾರು ತರಿಸಿಕೊಳ್ಳುತ್ತಾರೆ.

ಪ್ರಶ್ನೆ: ನಮ್ಮ ಯಜಮಾನರು ಓಡೋಕೆ ಶುರು ಮಾಡಿದ ಮೇಲೆ ಅಡಿಗೆಮನೆ ತುಂಬಾ ಪುಡಿ ಡಬ್ಬ, ಜೆಲ್ ಪ್ಯಾಕೆಟ್. ತಿಂಗಳಿಗೆ ನಾಲ್ಕು ಸಾವಿರ. ವಾರಕ್ಕೆ ಮೂರು ದಿನ ಮುಕ್ಕಾಲು ಗಂಟೆ ಓಡ್ತಾರೆ ಅಷ್ಟೇ. ಇದೆಲ್ಲ ಬೇಕಾ?
— ಎಂಸಿಸಿ ಬಿ ಬ್ಲಾಕ್, ದಾವಣಗೆರೆ

ಉತ್ತರ: ಬೇಡಮ್ಮ. ಮುಕ್ಕಾಲು ಗಂಟೆ ಓಟಕ್ಕೆ ನೀರು ಸಾಕು. ಜೆಲ್, ಅಂದರೆ ಪ್ಯಾಕೆಟ್ಟಿನ ಸಿಹಿ ಪಾಕ, ಬೇಕಾಗುವುದು ಒಂದೂಕಾಲು ಗಂಟೆ ಮೀರಿ ಓಡುವಾಗ, ಆಗಲೂ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಲಿ ಅಂತ. ನೂರು ರೂಪಾಯಿಯ ಒಂದು ಜೆಲ್‌ನಲ್ಲಿ ಇರುವುದು 22-25 ಗ್ರಾಂ. ನಾಲ್ಕು ಖರ್ಜೂರದಲ್ಲಿ ಅಷ್ಟೇ ಇದೆ, ಒಂದು ಪಚ್ಚಬಾಳೆಯಲ್ಲಿ ಅಷ್ಟೇ ಇದೆ, ನಿಂಬೆಹಣ್ಣಿನ ಗಾತ್ರದ ಬೆಲ್ಲದಲ್ಲೂ ಹೆಚ್ಚೂ ಕಡಿಮೆ ಅಷ್ಟೇ. ಬೀಜ ತೆಗೆದ ಖರ್ಜೂರ ಚಡ್ಡಿ ಜೇಬಿನಲ್ಲಿ ಹಿಡಿಯುತ್ತದೆ. ಬಿಸಿಲುಗಾಲದ ಉದ್ದ ಓಟಕ್ಕೆ ಒಂದು ಲೀಟರ್ ನೀರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಒಂದು ನಿಂಬೆಹಣ್ಣು. ಚಮಚ ಅಂದರೆ ಟೀ ಚಮಚ. ಉಪ್ಪು ಕಣ್ಣಂದಾಜಿಗೆ ಸುರಿಯಬಾರದು. ಪ್ರೋಟೀನ್ ಪುಡಿಯ ಬದಲು ಎರಡು ಮೊಟ್ಟೆ, ಮೊಟ್ಟೆ ತಿನ್ನದ ಮನೆಯಾದರೆ ಶೇಂಗಾ, ಮೊಳಕೆಕಾಳು, ಮೊಸರು. ಓಟ ಮುಗಿಸಿ ಬರುವಾಗ ಖಾರ ಮಂಡಕ್ಕಿ ಮೆಣಸಿನಕಾಯಿ ತಿಂದು ಬರುತ್ತಿದ್ದಾರಾ ಅಂತ ಮಾತ್ರ ವಿಚಾರಿಸಿ, ಪುಡಿಗಿಂತ ಅದರ ಲೆಕ್ಕ ದೊಡ್ಡದಿರಬಹುದು.

ಪ್ರಶ್ನೆ: 52 ವರ್ಷ, ಬಿಪಿ ಮಾತ್ರೆ ತಗೊಳ್ತೀನಿ. ಓಡಬಹುದಾ? ಟೆಸ್ಟ್‌ಗೆ ಎಷ್ಟಾಗುತ್ತೆ?
— ಹೊಳಲ್ಕೆರೆ

ಉತ್ತರ: ಶೂ ಅಂಗಡಿಗೂ ಮೊದಲು ನಿಮ್ಮ ಡಾಕ್ಟರ ಹತ್ತಿರ ಹೋಗಿ. ಇಸಿಜಿ 200-400 ರೂಪಾಯಿ. ಅವರು ಟಿಎಂಟಿ, ಅಂದರೆ ಓಡುವ ಪಟ್ಟಿಯ ಮೇಲಿನ ಹೃದಯ ಪರೀಕ್ಷೆ ಬೇಕು ಅಂದರೆ 1,200-2,000. ಕೆಲವು ಬಿಪಿ ಮಾತ್ರೆಗಳು ನಾಡಿಬಡಿತವನ್ನು ಏರಲು ಬಿಡುವುದಿಲ್ಲ, ಹಾಗಾಗಿ ವಾಚು ತೋರಿಸುವ ನಾಡಿಯ ಲೆಕ್ಕ ನಿಮಗೆ ಹೊಂದುವುದಿಲ್ಲ. ಓಡುತ್ತಾ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುವಷ್ಟು ಉಸಿರು ಇರಬೇಕು, ಅದೇ ಅಳತೆ. ಎದೆ ಬಿಗಿತ, ದವಡೆ ಅಥವಾ ಎಡತೋಳಿಗೆ ಹಬ್ಬುವ ನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ. ‘ಗ್ಯಾಸ್ ಇರಬೇಕು’ ಅಂತ ಕಾಯಬಾರದು.

ಪ್ರಶ್ನೆ: ಎರಡು ಸ್ಪ್ರಿಂಟ್, ಒಂದು ಒಲಿಂಪಿಕ್ ಮುಗಿಸಿದೀನಿ. ಗೋವಾದ 70.3 ಮಾಡಬೇಕು. ಪೂರ್ತಿ ಬಜೆಟ್ ಹೇಳಿ.
— ಕೆಟಿಜೆ ನಗರ, ದಾವಣಗೆರೆ

ಉತ್ತರ: 70.3 ಅನ್ನುವುದು ಮೂರೂ ದೂರ ಕೂಡಿಸಿದ ಮೈಲಿಯ ಲೆಕ್ಕ: 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಗೋವಾದಲ್ಲಿ 2019ರಲ್ಲಿ ಶುರುವಾಯಿತು, ಈಜು ಸಮುದ್ರದಲ್ಲಿ.

ಪ್ರವೇಶ ಶುಲ್ಕವೇ ಇಪ್ಪತ್ತು ಸಾವಿರ ದಾಟುತ್ತದೆ, ತಡ ಮಾಡಿದಷ್ಟೂ ಏರುತ್ತದೆ. ಮೂರಕ್ಕೂ ಒಂದೇ ಆಗುವ ಟ್ರೈಸೂಟ್ 3-5 ಸಾವಿರ. ಸೈಕಲ್‌ಗೆ ಹೊಸ ಟೈರು, ಟ್ಯೂಬು, ಚೈನ್, ಸರ್ವಿಸ್ ನಾಲ್ಕು ಸಾವಿರ. ಸೈಕಲನ್ನು ಹಿಂದಿನ ದಿನವೇ ಒಪ್ಪಿಸಬೇಕಾದ್ದರಿಂದ ಕಡಿಮೆ ಅಂದರೆ ಮೂರು ರಾತ್ರಿ ವಸತಿ, ಆರು ಸಾವಿರ. ಹುಬ್ಬಳ್ಳಿ ಮೇಲೆ 300 ಕಿ.ಮೀ.ಗೂ ಹೆಚ್ಚು ದಾರಿ, ಮೂವರು ಸೇರಿ ಕಾರಿನಲ್ಲಿ ಹೋದರೆ ತಲೆಗೆ ಮೂರು ಸಾವಿರ. ಊಟ, ಜೆಲ್ ಎರಡು ಸಾವಿರ. ಇಲ್ಲಿಗೆ ನಲವತ್ತು. ಬಯಲುಸೀಮೆಯವರು ಮರೆಯುವ ಖರ್ಚು ಇನ್ನೊಂದಿದೆ: ಸಮುದ್ರದ ಅಭ್ಯಾಸ. ಕೊಳದಲ್ಲಿ ಕೆಳಗೆ ಕಪ್ಪು ಗೆರೆ ಇರುತ್ತದೆ, ಸಮುದ್ರದಲ್ಲಿ ಏನೂ ಕಾಣುವುದಿಲ್ಲ. ಆರೆಂಟು ಕೈ ಹೊಡೆತಕ್ಕೊಮ್ಮೆ ಕಣ್ಣಷ್ಟನ್ನೇ ನೀರಿನ ಮೇಲೆ ತಂದು ದಾರಿ ತೋರುವ ತೇಲುಗುಂಡು ನೋಡಬೇಕು, ಇಲ್ಲದಿದ್ದರೆ 1.9 ಹೋಗಿ ಎರಡೂಕಾಲು ಆಗುತ್ತದೆ. ಕೊಳದಲ್ಲೇ ಪ್ರತಿ ಉದ್ದಕ್ಕೆ ಎರಡು ಸಲ ಹಾಗೆ ನೋಡುವುದನ್ನು ರೂಢಿಸಿಕೊಳ್ಳಿ, ಸ್ಪರ್ಧೆಗೆ ಒಂದೆರಡು ತಿಂಗಳು ಮೊದಲು ಜೀವರಕ್ಷಕರು ಇರುವ ಕಡಲತೀರಕ್ಕೆ ಒಂದು ವಾರಾಂತ್ಯ ಹೋಗಿ ಬನ್ನಿ. ಐದು ಸಾವಿರ. ಒಟ್ಟು 45ರಿಂದ 50 ಸಾವಿರ, ಸೈಕಲ್ ಬಿಟ್ಟು, ವರ್ಷದ ಶೂ ಮತ್ತು ಕೊಳದ ಪಾಸು ಬಿಟ್ಟು.

ಬಸ್ಸಿನ ಟಾಪಿನ ಮೇಲೆ ಸೈಕಲ್ ಹಾಕಬೇಡಿ. ಹಿಂದಿನ ಗೇರ್ ನೇತಾಡುವ ಅಲ್ಯುಮಿನಿಯಂ ಕೊಂಡಿ ಬಾಗಿದರೆ ಗೇರು ಚಕ್ರದ ಕಡ್ಡಿಗೆ ಸಿಕ್ಕಿ ಚಕ್ರವೇ ಹಾಳಾಗುತ್ತದೆ. ಐನೂರರಿಂದ ಸಾವಿರದ ಆ ಕೊಂಡಿ ಮಾಡೆಲ್‌ಗೊಂದು ತರಹ, ಪಣಜಿಯಲ್ಲಿ ಶನಿವಾರ ಸಂಜೆ ಹುಡುಕಿದರೆ ಸಿಗುವುದಿಲ್ಲ. ಇಲ್ಲಿಂದಲೇ ಒಂದು ಹೆಚ್ಚಿಗೆ ಒಯ್ಯಿರಿ. ಪ್ಯಾಕ್ ಮಾಡಲು ಪೆಡಲ್ ಬಿಚ್ಚುವಾಗ ಎಡಗಡೆಯದು ಉಲ್ಟಾ ತಿರುಪು, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲ. ಗೊತ್ತಿಲ್ಲದೆ ಬಲ ಹಾಕಿದವರು ಪೆಡಲ್ ತೋಳಿನ ತಿರುಪಿನ ಎಳೆಯನ್ನೇ ಕಿತ್ತಿದ್ದಾರೆ.

ಪ್ರಶ್ನೆ: ಜಿಪಿಎಸ್ ವಾಚ್ ಬೇಕೇ ಬೇಕಾ? ಹದಿನೈದು ಸಾವಿರ ಅಂತಾರೆ. ನಾನಿನ್ನೂ ಕಾಲೇಜು.
— ಹಿರಿಯೂರು

ಉತ್ತರ: ಬೇಡ. ಸ್ಟ್ರಾವಾ ಥರದ ಆಪ್ ಫೋನಿನಲ್ಲಿ ಪುಕ್ಕಟೆ. ಫೋನ್ ಹಿಡಿದು ಓಡುವುದು ಬೇಜಾರಾದರೆ 400 ಮೀಟರ್ ಟ್ರ್ಯಾಕಿನ ಒಳಗಿನ ಲೇನಿನಲ್ಲಿ ಹನ್ನೆರಡೂವರೆ ಸುತ್ತು ಹಾಕಿ, 5 ಕಿ.ಮೀ. ಅಂಗಡಿಯಲ್ಲಿ 300 ರೂಪಾಯಿಗೆ ಸಿಗುವ ಡಿಜಿಟಲ್ ವಾಚು ಸಮಯ ಹೇಳುತ್ತದೆ. ಸುತ್ತು ಮರೆಯುವವರು ಬಲ ಜೇಬಿನಲ್ಲಿ ಹನ್ನೆರಡು ಹುಣಸೆಬೀಜ ಇಟ್ಟುಕೊಂಡು ಸುತ್ತಿಗೊಂದರಂತೆ ಎಡ ಜೇಬಿಗೆ ಹಾಕಿಕೊಳ್ಳಬಹುದು.